ಅಂಕಿ ತೋರಿಸದ ಲೆಕ್ಕ, ಯಾರೂ ತಿರುಚಲಾಗದ ಚೀಟಿ: ಅರ್ಪಾ ಟೋಕನ್ ಬಗ್ಗೆ ನಮ್ಮೂರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬದಿಯಡ್ಕದ ಹತ್ತಿರದ ಮನೆಗೆ ಮರಳಿದ ಮೇಲೆ, ತೋಟದ ಕೆಲಸದಷ್ಟೇ ಜಾಸ್ತಿ ನನಗೆ ಸಿಕ್ಕಿದ್ದು ಈ ಪ್ರಶ್ನೆಗಳು. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಸೊಸೈಟಿಯ ಜಗಲಿಯಲ್ಲಿ ಕೇಳುತ್ತಾರೆ. ದುಬೈಯಲ್ಲಿರುವ ಮಗ ಹೇಳಿದ, ಕುವೈತಿನಲ್ಲಿರುವ ಭಾವ ಕಳಿಸಿದ ವಿಡಿಯೊ ನೋಡಿದೆ, ಈ ಅರ್ಪಾ ಅನ್ನುವುದು ಹೇಗೆ? ಇಂಗ್ಲಿಷಿನಲ್ಲಿ ಬೇಕಾದಷ್ಟು ಬರಹಗಳಿವೆ. ಮಲಯಾಳದಲ್ಲಿ ವಿಡಿಯೊಗಳಿವೆ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ನಿಧಾನವಾಗಿ ಓದಿ ತಿಳಿಯಲು ಒಂದು ಪುಟವಾದರೂ ಇರಲಿ ಎಂದು ಇದನ್ನು ಬರೆದಿದ್ದೇನೆ. ಬೆಲೆಯ ಪ್ರಶ್ನೆ ಕೆಳಗೆ ಬರುತ್ತದೆ. ಕೆಲಸದ ಪ್ರಶ್ನೆ ಮೊದಲು.

ಅರ್ಪಾ ಅಂದ್ರೆ ಏನು? ಎರಡು ಮಾತಲ್ಲಿ ಹೇಳಿ.

2018ರಲ್ಲಿ ಶುರುವಾದ ಒಂದು ಕಂಪ್ಯೂಟರ್ ಜಾಲ. ಎರಡು ಕೆಲಸಗಳಿಗೆ ಹೆಸರಾಗಿದೆ. ಒಬ್ಬರ ಗುಟ್ಟಿನ ಅಂಕಿಗಳನ್ನು ಇನ್ನೊಬ್ಬರಿಗೆ ತೋರಿಸದೆ ಒಟ್ಟಿಗೆ ಲೆಕ್ಕ ಮಾಡುವುದು ಒಂದು. ಯಾರೂ ಮೊದಲೇ ಊಹಿಸಲಾಗದ, ಆಮೇಲೆ ಯಾರು ಬೇಕಾದರೂ ಸರಿಯಾ ಎಂದು ನೋಡಬಹುದಾದ ರ‍್ಯಾಂಡಮ್ ಅಂಕಿಯನ್ನು ಬ್ಲಾಕ್‌ಚೈನಿಗೆ, ಅಂದರೆ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕಕ್ಕೆ, ಕೊಡುವುದು ಇನ್ನೊಂದು. ಮೊದಲ ಕೆಲಸದಿಂದ ಹೊರಟವರು ಈಗ ಹೆಚ್ಚು ಒತ್ತು ಕೊಟ್ಟಿರುವುದು ಎರಡನೆಯದಕ್ಕೆ. ಆ ಸೇವೆಯ ಹೆಸರು ರ‍್ಯಾಂಡ್‌ಕಾಸ್ಟ್. ಈ ಜಾಲದ ಟೋಕನ್ನಿಗೂ, ಅಂದರೆ ಕೊಂಡು ಮಾರಬಹುದಾದ ಡಿಜಿಟಲ್ ಬಿಲ್ಲೆಗೂ, ಅರ್ಪಾ ಎಂದೇ ಹೆಸರು. ಈಥೀರಿಯಂ ಎಂಬ ಬ್ಲಾಕ್‌ಚೈನಿನ ಮೇಲೆ ನಿಂತ ಟೋಕನ್ ಅದು, ಒಟ್ಟು ಮಿತಿ 200 ಕೋಟಿ.

ಅಮೆರಿಕದ ಸೇನೆಯ ಆರ್ಪಾ ಇದೇನಾ? ಇಂಟರ್ನೆಟ್ ಹುಟ್ಟಿದ್ದು ಅಲ್ಲಿಂದ ಅಂತಾರಲ್ವಾ?

ಅಲ್ಲ. ಅದು 1958ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ಸಂಸ್ಥೆ. ಹೆಸರು ಮಾತ್ರ ಒಂದೇ. "ಅಮೆರಿಕ ಸರಕಾರದ್ದು, ಭದ್ರ" ಎಂದು ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ನಿಮಗೆ ಮಾರಲು ಬಂದಿದ್ದಾರೆ.

ಅಂಕಿ ತೋರಿಸದೆ ಲೆಕ್ಕ ಮಾಡುವುದು ಹೇಗೆ ಸಾಧ್ಯ? ನಂಬಲು ಕಷ್ಟ.

ನನಗೂ ಮೊದಲು ಹಾಗೇ ಅನಿಸಿತ್ತು. ಒಂದು ಕಾಗದದಲ್ಲಿ ಮಾಡಿ ನೋಡಿದ ಮೇಲೆ ನಂಬಿಕೆ ಬಂತು. ನೀವೂ ಪೆನ್ನು ತೆಗೆದುಕೊಳ್ಳಿ.

ಮೂವರು ಅಡಿಕೆ ಬೆಳೆಗಾರರು ಇದ್ದಾರೆ ಎಂದುಕೊಳ್ಳಿ. ಪೆರ್ಲದವರ ಹತ್ತಿರ 12 ಕ್ವಿಂಟಾಲ್ ಚಾಲಿ ದಾಸ್ತಾನು ಇದೆ. ಮುಳ್ಳೇರಿಯದವರಲ್ಲಿ 8. ಕುಂಬಳೆಯವರಲ್ಲಿ 25. ಮೂವರದ್ದೂ ಸೇರಿ ಎಷ್ಟಿದೆ ಎಂದು ಗೊತ್ತಾದರೆ ವ್ಯಾಪಾರಿಯ ಹತ್ತಿರ ದರ ಮಾತಾಡಲು ಅನುಕೂಲ. ಆದರೆ ಯಾರ ಅಟ್ಟದಲ್ಲಿ ಎಷ್ಟಿದೆ ಎಂದು ಯಾರಿಗೂ ಹೇಳಲು ಮನಸ್ಸಿಲ್ಲ. ನ್ಯಾಯವೇ ಅದು.

ಈಗ ಪ್ರತಿಯೊಬ್ಬರೂ ತಮ್ಮ ಅಂಕಿಯನ್ನು ಮನಸ್ಸಿಗೆ ಬಂದ ಹಾಗೆ ಮೂರು ತುಂಡು ಮಾಡಲಿ. ಕೂಡಿದರೆ ಮೂಲ ಅಂಕಿ ಬರಬೇಕು, ಅಷ್ಟೇ. ಋಣ ಚಿಹ್ನೆಯ (−) ಅಂಕಿಯೂ ಆಗಬಹುದು. ಪೆರ್ಲದವರು 12ನ್ನು 20, −15, 7 ಎಂದು ಮಾಡಿದರು. ಮುಳ್ಳೇರಿಯದವರು 8ನ್ನು −4, 6, 6 ಎಂದು ಮಾಡಿದರು. ಕುಂಬಳೆಯವರು 25ನ್ನು 11, 30, −16 ಎಂದು ಮಾಡಿದರು. ಎಲ್ಲರ ಮೊದಲ ತುಂಡು ಪೆರ್ಲಕ್ಕೆ, ಎರಡನೆಯದು ಮುಳ್ಳೇರಿಯಕ್ಕೆ, ಮೂರನೆಯದು ಕುಂಬಳೆಗೆ.

ಪೆರ್ಲದವರ ಕೈಯಲ್ಲಿ 20, −4, 11. ಕೂಡಿದರೆ 27. ಮುಳ್ಳೇರಿಯದವರಲ್ಲಿ −15, 6, 30. ಕೂಡಿದರೆ 21. ಕುಂಬಳೆಯವರಲ್ಲಿ 7, 6, −16. ಕೂಡಿದರೆ −3. ಈ ಮೂರು ಮೊತ್ತಗಳನ್ನು ಮಾತ್ರ ಎಲ್ಲರೆದುರು ಗಟ್ಟಿಯಾಗಿ ಹೇಳಲಿ. 27, 21, −3. ಒಟ್ಟು 45. ಮೂಲ ಅಂಕಿಗಳನ್ನು ಕೂಡಿ ನೋಡಿ, 12, 8, 25. ಅದೂ 45.

ಮುಳ್ಳೇರಿಯದವರಿಗೆ ಪೆರ್ಲದಿಂದ ಬಂದದ್ದು −15 ಎಂಬ ಒಂದು ತುಂಡು. ಅದನ್ನು ಇಟ್ಟುಕೊಂಡು ಪೆರ್ಲದ ಅಟ್ಟದಲ್ಲಿ 12 ಇದೆಯಾ 120 ಇದೆಯಾ ಎಂದು ಹೇಳಲಾಗದು. ಕಂಪ್ಯೂಟರಿನಲ್ಲಿ ಮಾಡುವಾಗ ಇದನ್ನೇ ಗಡಿಯಾರದ ಲೆಕ್ಕದಲ್ಲಿ ಮಾಡುತ್ತಾರೆ. 8 ಗಂಟೆಗೆ 9 ಗಂಟೆ ಕೂಡಿದರೆ 5 ಗಂಟೆ ಆಗುತ್ತದಲ್ಲ, ಹಾಗೆ. 12 ಗಂಟೆಯ ಬದಲು ಒಂದು ಭಾರಿ ದೊಡ್ಡ ಅಂಕಿಯ ಗಡಿಯಾರ. ಆಗ ತುಂಡಿನಿಂದ ಚೂರು ಸುಳಿವೂ ಸಿಗುವುದಿಲ್ಲ.

ಕೂಡುವುದು ಸುಲಭ. ಗುಣಿಸುವಾಗ ಕಷ್ಟ ಶುರುವಾಗುತ್ತದೆ. ಅದಕ್ಕೆ ಕಂಪ್ಯೂಟರುಗಳು ಪರಸ್ಪರ ಮತ್ತೆ ಮತ್ತೆ ಸಂದೇಶ ಕಳಿಸಬೇಕು, ಹೊತ್ತು ಹಿಡಿಯುತ್ತದೆ. ಆಂಡ್ರ್ಯೂ ಯಾವೊ ಎಂಬ ಕಂಪ್ಯೂಟರ್ ವಿಜ್ಞಾನಿ ಈ ಪ್ರಶ್ನೆಯನ್ನು 1982ರಲ್ಲೇ ಎತ್ತಿದ್ದರು: ಇಬ್ಬರು ಕೋಟ್ಯಧೀಶರು ತಮ್ಮ ಆಸ್ತಿ ಹೇಳದೆ ಯಾರು ಹೆಚ್ಚು ಶ್ರೀಮಂತ ಎಂದು ತಿಳಿಯಬಹುದೇ ಎಂದು. ಆಗ ಅದು ಕಾಗದದ ಮೇಲಿನ ಲೆಕ್ಕ. ಕೆಲಸಕ್ಕೆ ಬರುವಷ್ಟು ವೇಗ ಬರಲು ದಶಕಗಳೇ ಬೇಕಾದವು. ಅರ್ಪಾದ ಆರಂಭದ ಕೆಲಸ ನಿಂತದ್ದು 2012ರಲ್ಲಿ ಬಂದ ಸ್ಪೀಡ್ಝ್ ಎಂಬ ವಿಧಾನದ ಮೇಲೆ. ಲೆಕ್ಕದ ನಡುವೆ ಯಾರಾದರೂ ಸುಳ್ಳು ತುಂಡು ಕೊಟ್ಟರೆ ಅದು ಪತ್ತೆ ಆಗುವ ಹಾಗೆ ಪ್ರತಿ ತುಂಡಿಗೂ ಒಂದು ಗುರುತು ಅಂಟಿಸುವುದು ಅದರ ಉಪಾಯ.

ಇದು ಕಾಗದದ ಮೇಲಿನ ಆಟ. ನಿಜವಾಗಿ ರೈತರು ಎಲ್ಲಾದರೂ ಬಳಸಿದ್ದಾರಾ?

ಬಳಸಿದ್ದಾರೆ. ಈ ಕಥೆ ಹೇಳಲು ನನಗೆ ಬಹಳ ಇಷ್ಟ, ಯಾಕೆಂದರೆ ಅದು ನಮ್ಮ ಕಥೆಯ ಹಾಗೇ ಇದೆ.

ಡೆನ್ಮಾರ್ಕಿನಲ್ಲಿ ರೈತರು ಸಕ್ಕರೆ ಗೆಡ್ಡೆ ಬೆಳೆಯುತ್ತಾರೆ. ಬೀಟ್‌ರೂಟಿನ ಜಾತಿ, ಬಿಳಿ ಬಣ್ಣದ್ದು. ಅದನ್ನು ಕೊಳ್ಳುವ ಕಂಪನಿ ಆಗ ಇಡೀ ದೇಶಕ್ಕೆ ಒಂದೇ ಇತ್ತು, ಡೇನಿಸ್ಕೊ. ಯಾವ ರೈತ ಎಷ್ಟು ಗೆಡ್ಡೆ ಕೊಡಬಹುದು ಎಂಬ ಹಕ್ಕಿನ ಒಪ್ಪಂದ ಇರುತ್ತಿತ್ತು. ಯುರೋಪಿನಲ್ಲಿ ಸಕ್ಕರೆಗೆ ಸಿಗುತ್ತಿದ್ದ ನೆರವು ಇಳಿದಾಗ ಕೆಲವರಿಗೆ ಆ ಹಕ್ಕು ಮಾರಬೇಕಿತ್ತು, ಕೆಲವರಿಗೆ ಕೊಳ್ಳಬೇಕಿತ್ತು. ಹರಾಜು ನಡೆಯಬೇಕು. ಆದರೆ ತಾನು ಯಾವ ದರಕ್ಕೆ ಬಿಟ್ಟುಕೊಡುತ್ತೇನೆ ಎಂದು ರೈತ ಬರೆದರೆ, ಅವನ ಹೊಲದ ಗುಟ್ಟೆಲ್ಲ ಕಂಪನಿಗೆ ಗೊತ್ತಾಗುತ್ತದೆ. ಮುಂದಿನ ಒಪ್ಪಂದದಲ್ಲಿ ಕಂಪನಿ ಅದನ್ನೇ ಹಿಡಿದು ಎಳೆಯಬಹುದಲ್ಲ.

ಹಾಗಾಗಿ 2008ರ ಜನವರಿಯಲ್ಲಿ ಅವರು ಮೂರು ಕಂಪ್ಯೂಟರುಗಳನ್ನು ಇಟ್ಟರು. ಒಂದು ಕಂಪನಿಯದು, ಒಂದು ಗೆಡ್ಡೆ ಬೆಳೆಗಾರರ ಸಂಘದ್ದು, ಒಂದು ಸಂಶೋಧಕರದ್ದು. ಸುಮಾರು 1200 ರೈತರ ಬೆಲೆಗಳು ತುಂಡು ತುಂಡಾಗಿ ಮೂರಕ್ಕೂ ಹೋದವು. ಸುಮಾರು ಅರ್ಧ ಗಂಟೆಯಲ್ಲಿ ಮಾರುಕಟ್ಟೆಯ ದರ ಹೊರಬಂತು. ಸುಮಾರು 25,000 ಟನ್ ಗೆಡ್ಡೆಯ ಹಕ್ಕು ಕೈ ಬದಲಾಯಿತು. ಯಾವ ರೈತ ಯಾವ ಬೆಲೆ ಬರೆದಿದ್ದ ಎಂದು ಒಬ್ಬನಿಗೂ ತಿಳಿಯಲಿಲ್ಲ. ಆ ಕೆಲಸದಲ್ಲಿದ್ದ ಇವಾನ್ ಡಾಮ್‌ಗಾರ್ಡ್ ಮುಂದೆ ಮೇಲೆ ಹೇಳಿದ ಸ್ಪೀಡ್ಝ್ ವಿಧಾನವನ್ನು ಕಟ್ಟಿದವರಲ್ಲೂ ಒಬ್ಬರು.

ಗಮನಿಸಿ, ಅಲ್ಲಿ ಟೋಕನ್ ಇರಲಿಲ್ಲ. ಬ್ಲಾಕ್‌ಚೈನೂ ಇರಲಿಲ್ಲ. ಬಿಟ್‌ಕಾಯಿನ್ ಜಾಲ ಹುಟ್ಟಿದ್ದೇ ಅದಕ್ಕೆ ಒಂದು ವರ್ಷ ಆದ ಮೇಲೆ.

ಹಾಗಾದರೆ ನಮ್ಮ ಅಡಿಕೆಗೂ ಇದು ಆಗಬಹುದಾ?

ಆಗಬೇಕು ಎಂದು ನನ್ನ ಆಸೆ. ನಮ್ಮಲ್ಲಿ 1973ರಿಂದ ಕ್ಯಾಂಪ್ಕೊ ಇದೆ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ. ಊರೂರಿಗೆ ಸೊಸೈಟಿಗಳಿವೆ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲು, ಪಟೋರ ಎಂದು ಪ್ರತಿಯೊಂದಕ್ಕೂ ದರ ಬೇರೆ. ಯಾರು ದಾಸ್ತಾನು ಹಿಡಿದಿಟ್ಟಿದ್ದಾರೆ, ಯಾರಿಗೆ ಮಗಳ ಮದುವೆಗೆ ದುಡ್ಡು ತುರ್ತು ಬೇಕು ಎಂದು ಗೊತ್ತಿರುವ ವ್ಯಾಪಾರಿಯ ಕೈ ಯಾವತ್ತೂ ಮೇಲೆ. ಬೆಳೆಗಾರರು ಗುಟ್ಟು ಬಿಡದೆ ಒಟ್ಟು ದಾಸ್ತಾನು ತಿಳಿಯುವಂತಾದರೆ ಆ ಕೈ ಸ್ವಲ್ಪ ಸಮ ಆಗುತ್ತದೆ. ಅದಕ್ಕೆ ಬೇಕಾದ್ದು ಮೂರು ಕಂಪ್ಯೂಟರು ಮತ್ತು ಒಬ್ಬರನ್ನೊಬ್ಬರು ಕಾಯುವ ಮೂರು ಸಂಸ್ಥೆಗಳು. ಅರ್ಪಾವೇ ಬೇಕು ಎಂದೇನಿಲ್ಲ.

ಗುಟ್ಟು ಪೂರ್ತಿ ಗುಟ್ಟಾಗಿಯೇ ಉಳಿಯುತ್ತದಾ?

ಇಲ್ಲ, ಮತ್ತು ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೇಲಿನ ಲೆಕ್ಕಕ್ಕೇ ಹೋಗಿ. ಉತ್ತರ 45 ಎಂದು ಎಲ್ಲರಿಗೂ ಗೊತ್ತಾಯಿತು. ಪೆರ್ಲದವರೂ ಕುಂಬಳೆಯವರೂ ಚಹಾದ ಅಂಗಡಿಯಲ್ಲಿ ಕೂತು ತಮ್ಮ 12 ಮತ್ತು 25ನ್ನು ಹೇಳಿಕೊಂಡರೆ? 45ರಿಂದ 37 ಕಳೆದರೆ ಮುಳ್ಳೇರಿಯದ 8 ಸಿಕ್ಕಿಬಿಟ್ಟಿತು. ಇಲ್ಲಿ ವಿಧಾನ ಸೋತಿಲ್ಲ. ಉತ್ತರವೇ ಗುಟ್ಟನ್ನು ಹೇಳಿತು. ಮೂವರ ಬದಲು ಮುನ್ನೂರು ಮಂದಿ ಇದ್ದರೆ ಈ ಅಪಾಯ ಬಹಳ ಕಡಿಮೆ. ಆದ್ದರಿಂದ "ನಿಮ್ಮ ಡೇಟಾ ನೂರಕ್ಕೆ ನೂರು ಗುಟ್ಟು" ಎಂದು ಯಾರಾದರೂ ಹೇಳಿದರೆ, ಎಷ್ಟು ಮಂದಿ ಸೇರಿದ್ದಾರೆ ಮತ್ತು ಕೊನೆಗೆ ಏನು ಹೊರಗೆ ಬರುತ್ತದೆ ಎಂದು ಕೇಳಿ.

ಇನ್ನು ಆ ರ‍್ಯಾಂಡಮ್ ಅಂಕಿ. ಚೀಟಿ ಎತ್ತಲು ಇಷ್ಟೆಲ್ಲ ಯಾಕೆ ಬೇಕು?

ಚೀಟಿ ಎತ್ತುವುದರ ಬೆಲೆ ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಶಬರಿಮಲೆಯ ಮೇಲ್ಶಾಂತಿಯ (ಮುಖ್ಯ ಅರ್ಚಕರ) ಆಯ್ಕೆ ಹೇಗೆ ನಡೆಯುತ್ತದೆ ನೋಡಿ. ತುಲಾ ಮಾಸದ ಮೊದಲ ದಿನ ಎರಡು ಬೆಳ್ಳಿ ಪಾತ್ರೆ ಇಡುತ್ತಾರೆ. ಒಂದರಲ್ಲಿ ಅರ್ಚಕರ ಹೆಸರಿನ ಚೀಟಿಗಳು. ಇನ್ನೊಂದರಲ್ಲಿ ಅಷ್ಟೇ ಚೀಟಿಗಳು, ಒಂದರಲ್ಲಿ ಮಾತ್ರ ಮೇಲ್ಶಾಂತಿ ಎಂದು ಬರೆದಿರುತ್ತದೆ, ಉಳಿದವು ಖಾಲಿ. ಪಂದಳಂ ಅರಮನೆಯ ಮಗು ಎರಡರಿಂದಲೂ ಎತ್ತುತ್ತದೆ. ಮಗುವಿಗೆ ಯಾರ ಮೇಲೂ ಹಂಗಿಲ್ಲ. ಎಲ್ಲರೂ ನೋಡುತ್ತಿರುತ್ತಾರೆ. 1967ರಿಂದ ಇರುವ ಕೇರಳದ ಲಾಟರಿ ಇಲಾಖೆಯೂ ಡ್ರಾ ಮಾಡುವುದು ಎಲ್ಲರ ಕಣ್ಣೆದುರೇ. ಊರಿನ ಕುರಿಯಲ್ಲಿ (ಚೀಟಿ ಫಂಡಿನಲ್ಲಿ) ಕೂಡ, ಚೀಟಿ ಎತ್ತುವ ಹೊತ್ತಿಗೆ ಎಲ್ಲರೂ ಡಬ್ಬದ ಸುತ್ತ ಬರುತ್ತಾರೆ ಅಲ್ವಾ?

ಅಂದರೆ ಎರಡು ವಿಷಯ ಬೇಕು. ಯಾರೂ ತಿರುಚಬಾರದು. ತಿರುಚಿಲ್ಲ ಎಂದು ನೋಡಿದವರಿಗೆ ಗೊತ್ತಾಗಬೇಕು.

ಬ್ಲಾಕ್‌ಚೈನಿನಲ್ಲಿ ಡಬ್ಬವೂ ಇಲ್ಲ, ಮಗುವೂ ಇಲ್ಲ. ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಮಾಡಿ ಒಂದೇ ಉತ್ತರಕ್ಕೆ ಬರಬೇಕು, ಅದೇ ಅದರ ಜೀವಾಳ. ಒಂದೊಂದು ಕಂಪ್ಯೂಟರು ಒಂದೊಂದು ಚೀಟಿ ಎತ್ತಿದರೆ ಒಮ್ಮತವೇ ಮುರಿದು ಬೀಳುತ್ತದೆ. ಹಾಗಾಗಿ ಊಹೆಗೆ ಸಿಗದ ಅಂಕಿ ಆ ಲೆಕ್ಕದಿಂದಲೇ ಹುಟ್ಟಲಾರದು, ಲೆಕ್ಕದ ಹೊರಗಿನಿಂದ ತರಬೇಕು. ತಂದವನು ಮೋಸ ಮಾಡಿಲ್ಲ ಎಂಬುದಕ್ಕೆ ಸಾಕ್ಷಿಯನ್ನೂ ತರಬೇಕು. ಆನ್‌ಲೈನ್ ಆಟ, ಲಾಟರಿ, ಎನ್‌ಎಫ್‌ಟಿ ಎಂಬ ಡಿಜಿಟಲ್ ಚಿತ್ರಗಳ ಹಂಚಿಕೆ, ಯಾರು ಯಾವ ಗುಂಪಿಗೆ ಎಂಬ ಆಯ್ಕೆ, ಎಲ್ಲಕ್ಕೂ ಇದು ಬೇಕು.

ಬ್ಲಾಕಿನ ಹ್ಯಾಶ್ ಅಂತ ಒಂದು ಉದ್ದ ಅಂಕಿ ಇರುತ್ತದಲ್ಲ, ಅದನ್ನೇ ಬಳಸಿದರೆ ಸಾಲದಾ?

ಬ್ಲಾಕ್ ಅಂದರೆ ಆ ಲೆಕ್ಕದ ಪುಸ್ತಕದ ಒಂದು ಪುಟ, ಹ್ಯಾಶ್ ಅಂದರೆ ಆ ಪುಟದಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಅಂಕಿ. ಎಷ್ಟೋ ಮಂದಿ ಹಾಗೇ ಮಾಡಿ ಕೈ ಸುಟ್ಟುಕೊಂಡರು. 2017ರಲ್ಲಿ ಸ್ಮಾರ್ಟ್‌ಬಿಲಿಯನ್ಸ್ ಎಂಬ ಲಾಟರಿ ಈಥೀರಿಯಂ ಮೇಲೆ ಬಂತು. ಧೈರ್ಯ ಇದ್ದವರು ಒಡೆದು ನೋಡಿ ಎಂದು ಅದರಲ್ಲಿ 1500 ಈಥರ್ (ಈಥೀರಿಯಂನ ಹಣ) ಇಟ್ಟಿದ್ದರು. ಈಥೀರಿಯಂ ಮೇಲೆ ಓಡುವ ಪ್ರೋಗ್ರಾಮಿಗೆ (ಅದನ್ನು ಕಾಂಟ್ರಾಕ್ಟು ಎನ್ನುತ್ತಾರೆ) ಹಿಂದಿನ 256 ಬ್ಲಾಕುಗಳ ಹ್ಯಾಶ್ ಮಾತ್ರ ಸಿಗುತ್ತಿತ್ತು. ಅದಕ್ಕಿಂತ ಹಳೆಯದನ್ನು ಕೇಳಿದರೆ ಬರುವುದು ಬರೀ ಸೊನ್ನೆ. ಯಾರೋ ಒಬ್ಬರು ಟಿಕೆಟು ತೆಗೆದು, 256 ಬ್ಲಾಕ್ ದಾಟುವ ತನಕ ಸುಮ್ನೆ ಕಾದರು. ಗೆಲ್ಲುವ ಅಂಕಿ ಸೊನ್ನೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. 400 ಈಥರ್ ಹೋಯಿತು.

2022ರ ಸೆಪ್ಟೆಂಬರ್ 15ರ ದೊಡ್ಡ ಬದಲಾವಣೆಯ ಮೇಲೆ ಈಥೀರಿಯಂ ತನ್ನದೇ ಒಂದು ರ‍್ಯಾಂಡಮ್ ಅಂಕಿಯನ್ನು ಕಾಂಟ್ರಾಕ್ಟುಗಳಿಗೆ ಕೊಡುತ್ತಿದೆ. ಸಣ್ಣ ಕೆಲಸಕ್ಕೆ ಅದು ಸಾಕು. ಆದರೆ ಬ್ಲಾಕ್ ಕಟ್ಟುವವನಿಗೆ ಬರುವ ಅಂಕಿ ಇಷ್ಟವಾಗದಿದ್ದರೆ ಆ ಬ್ಲಾಕನ್ನೇ ಕೊಡದೆ ಕೂರಬಹುದು. ಅವನಿಗೆ ಅದರಿಂದ ಸಣ್ಣ ನಷ್ಟ ಇದೆ. ಬಹುಮಾನ ಆ ನಷ್ಟಕ್ಕಿಂತ ದೊಡ್ಡದಾದರೆ ಆಸೆ ಹುಟ್ಟುತ್ತದೆ.

ಹತ್ತು ಮಂದಿ ಒಂದೊಂದು ಅಂಕಿ ಬರೆದು, ಆಮೇಲೆ ಒಟ್ಟಿಗೆ ಬಿಚ್ಚಿ ಕೂಡಿದರೆ?

ಒಳ್ಳೆಯ ಯೋಚನೆ, ನೀರ್ಚಾಲಿನ ಒಬ್ಬ ಹುಡುಗ ಇದನ್ನು ತಾನೇ ಯೋಚಿಸಿ ಕೇಳಿದ. ತೊಂದರೆ ಹತ್ತನೆಯವನದು. ಒಂಬತ್ತು ಮಂದಿ ಬಿಚ್ಚಿದ ಮೇಲೆ ಒಟ್ಟು ಏನು ಬರುತ್ತದೆ ಎಂದು ಅವನೊಬ್ಬನಿಗೇ ಗೊತ್ತು. ತನಗೆ ಲಾಭ ಇಲ್ಲದಿದ್ದರೆ "ನನ್ನ ಚೀಟಿ ಕಳೆದುಹೋಯಿತು" ಎಂದು ಬಿಡಬಹುದು. ಅವನನ್ನು ಬಿಟ್ಟು ಕೂಡಿದರೆ ಅಂಕಿ ಬದಲಾಯಿತು. ಕಾದರೆ ಆಟ ನಿಂತಿತು. ಈ ಕೊನೆಯವನ ಕೈಯಿಂದ ತಪ್ಪಿಸಿಕೊಳ್ಳುವುದೇ ಮುಂದಿನ ವಿಧಾನದ ಗುರಿ.

ರ‍್ಯಾಂಡ್‌ಕಾಸ್ಟ್ ಅದನ್ನು ಹೇಗೆ ಮಾಡುತ್ತದೆ?

ಅದರ ಬೆನ್ನೆಲುಬು ಬಿಎಲ್‌ಎಸ್ ಎಂಬ ಡಿಜಿಟಲ್ ಸಹಿ. 2001ರಲ್ಲಿ ಬೊನೆ, ಲಿನ್, ಶಾಚಮ್ ಎಂಬ ಮೂವರು ಕಂಡುಹಿಡಿದದ್ದು, ಹೆಸರು ಅವರ ಮೊದಲ ಅಕ್ಷರಗಳಿಂದ.

ಒಂದಷ್ಟು ಕಂಪ್ಯೂಟರುಗಳು ಗುಂಪು ಕಟ್ಟುತ್ತವೆ. ಎಲ್ಲವೂ ಸೇರಿ ಒಂದು ಗುಟ್ಟಿನ ಕೀಲಿಯನ್ನು ಹುಟ್ಟಿಸುತ್ತವೆ, ಆದರೆ ಪೂರ್ತಿ ಕೀಲಿ ಯಾರ ಹತ್ತಿರವೂ ಇರುವುದಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ತುಂಡು. ದೇವಸ್ಥಾನದ ಭಂಡಾರಕ್ಕೆ ಎರಡು ಮೂರು ಬೀಗ ಹಾಕಿ ಬೇರೆ ಬೇರೆ ಮನೆಯವರಲ್ಲಿ ಕೀಲಿ ಇಡುವುದುಂಟಲ್ಲ, ಅದರ ಅಣ್ಣ ಇದು. ಒಂದು ವ್ಯತ್ಯಾಸ ಉಂಟು. ಭಂಡಾರಕ್ಕೆ ಎಲ್ಲ ಕೀಲಿಗಳೂ ಬೇಕು. ಇಲ್ಲಿ ಇಂತಿಷ್ಟು ಮಂದಿ ಬಂದರೆ ಸಾಕು ಎಂದು ಮೊದಲೇ ನಿಗದಿ. ಉಳಿದವರು ಬಾರದಿದ್ದರೂ ಕೆಲಸ ನಿಲ್ಲದು. ಹತ್ತನೆಯವನು ಮುನಿಸಿಕೊಂಡರೂ ಅಂಕಿ ಬದಲಾಗದು.

ಯಾವುದೋ ಆಟದ ಕಾಂಟ್ರಾಕ್ಟು ಅಂಕಿ ಕೇಳುತ್ತದೆ. ಗುಂಪಿನವರು ಆ ಬೇಡಿಕೆಗೆ ತಮ್ಮ ತಮ್ಮ ತುಂಡಿನಿಂದ ಸಹಿ ಹಾಕುತ್ತಾರೆ. ಬೇಕಾದಷ್ಟು ತುಂಡು ಸಹಿಗಳು ಸೇರಿದಾಗ ಒಂದು ಪೂರ್ತಿ ಸಹಿ ಆಗುತ್ತದೆ. ಅದನ್ನು ಹ್ಯಾಶ್ ಮಾಡಿದರೆ ಸಿಗುವುದೇ ರ‍್ಯಾಂಡಮ್ ಅಂಕಿ.

ಇಲ್ಲಿ ಒಂದು ಸೂಕ್ಷ್ಮ ಉಂಟು, ನನಗೆ ಬಹಳ ಚಂದ ಅನಿಸಿದ್ದು ಇದೇ. ಬಿಟ್‌ಕಾಯಿನಿನಲ್ಲಿ ಮೊದಲಿನಿಂದ ಬಳಸಿದ ಸಹಿಯಲ್ಲಿ, ಒಂದೇ ಕಾಗದಕ್ಕೆ ಒಬ್ಬನೇ ಹಲವು ಬೇರೆ ಬೇರೆ ಸಹಿ ಹಾಕಬಹುದು, ಎಲ್ಲವೂ ಸರಿಯಾದವೇ. ಹಾಗಿದ್ದರೆ ಸಾವಿರ ಸಹಿ ಹಾಕಿ ನೋಡಿ ತನಗೆ ಬೇಕಾದ್ದನ್ನು ಆರಿಸಬಹುದಿತ್ತು. ಬಿಎಲ್‌ಎಸ್‌ನಲ್ಲಿ ಒಂದು ಕೀಲಿ, ಒಂದು ಕಾಗದ ಎಂದರೆ ಸರಿಯಾದ ಸಹಿ ಒಂದೇ ಒಂದು. ಯಾರು ಯಾರು ಸೇರಿ ಹಾಕಿದರೂ ಅದೇ. ಆರಿಸಲು ಜಾಗವೇ ಇಲ್ಲ.

"ಪರಿಶೀಲಿಸಬಹುದು" ಅಂತಾರೆ. ಪರಿಶೀಲಿಸುವವರು ಯಾರು?

ಗುಟ್ಟಿನ ಕೀಲಿಗೆ ಜೋಡಿಯಾಗಿ, ಸಹಿ ಸರಿಯಾ ಎಂದು ನೋಡಲು ಮಾತ್ರ ಬರುವ ಗುಂಪಿನ ಬಹಿರಂಗ ಕೀಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಸಹಿ ಅದಕ್ಕೆ ಹೊಂದುತ್ತದಾ ಎಂದು ಕಾಂಟ್ರಾಕ್ಟೇ ನೋಡುತ್ತದೆ. ಹೊಂದದಿದ್ದರೆ ಅಂಕಿಯನ್ನು ಒಪ್ಪುವುದಿಲ್ಲ. ನೀವು ಮನೆಯಲ್ಲಿ ಕೂತು ಕೂಡ ನೋಡಬಹುದು.

ಆದರೂ ಒಂದು ಮಾತು. ಕೀಲಿಯ ತುಂಡುಗಳಲ್ಲಿ ನಿಗದಿಯಾದಷ್ಟು ಒಂದೇ ಕೈಗೆ ಸೇರಿದರೆ, ಆ ಕೈಗೆ ಮುಂದಿನ ಅಂಕಿ ಮೊದಲೇ ಗೊತ್ತಾಗುತ್ತದೆ. ಬದಲಾಯಿಸಲು ಆಗದಿದ್ದರೂ ಇಣುಕಿ ನೋಡಬಹುದು. ಹೊರಗಿನ ಪರಿಶೀಲನೆಯಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆ, ಅವರು ನಿಜವಾಗಿ ಬೇರೆ ಬೇರೆಯವರಾ ಎಂಬ ಪ್ರಶ್ನೆ ಗಣಿತದಷ್ಟೇ ಮುಖ್ಯ.

ಇದೇ ಕೆಲಸ ಮಾಡುವ ಬೇರೆಯವರು ಇದ್ದಾರಾ?

ಇದ್ದಾರೆ. ಚೈನ್‌ಲಿಂಕ್ ಎಂಬ ಜಾಲದ ವಿಆರ್‌ಎಫ್ ಸೇವೆ ಹೆಚ್ಚು ಬಳಕೆಯಲ್ಲಿದೆ. ಡಿರ‍್ಯಾಂಡ್ ಎಂಬ ಜಾಲವೂ ಇದೆ, 2019ರಲ್ಲಿ ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿ, ಚಿಲಿ ವಿಶ್ವವಿದ್ಯಾಲಯ ಮುಂತಾದವರು ಸೇರಿ ನಡೆಸಲು ಶುರು ಮಾಡಿದ್ದು. ಅದರಲ್ಲೂ ಬಿಎಲ್‌ಎಸ್ ಸಹಿಯೇ. ಕ್ಲೌಡ್‌ಫ್ಲೇರಿನವರು ತಮ್ಮ ಸ್ಯಾನ್‌ಫ್ರಾನ್ಸಿಸ್ಕೊ ಕಚೇರಿಯಲ್ಲಿ ಬಣ್ಣದ ಮೇಣ ಏರಿಳಿಯುವ ದೀಪಗಳ ಗೋಡೆ ಇಟ್ಟು, ಕ್ಯಾಮೆರಾ ಹಿಡಿದು, ಆ ಚಿತ್ರದಿಂದ ಊಹೆಗೆ ಸಿಗದ ಅಂಕಿ ತೆಗೆಯುತ್ತಾರೆ. ಡಿರ‍್ಯಾಂಡಿಗೆ ಟೋಕನ್ ಇಲ್ಲ.

ಹಾಗಾದರೆ ಅರ್ಪಾಕ್ಕೆ ಟೋಕನ್ ಯಾಕೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಮಾತ್ರ ಕಡಿಮೆ.

ಡಿರ‍್ಯಾಂಡನ್ನು ನಡೆಸುವವರು ಹೆಸರಿರುವ ಸಂಸ್ಥೆಗಳು. ಮೋಸ ಮಾಡಿದರೆ ಮರ್ಯಾದೆ ಹೋಗುತ್ತದೆ. ಅರ್ಪಾದಲ್ಲಿ ನೋಡ್, ಅಂದರೆ ಜಾಲದ ಕಂಪ್ಯೂಟರು, ನಡೆಸುವವರನ್ನು ಕಟ್ಟಿಹಾಕುವುದು ಠೇವಣಿ. ಅವರು ಟೋಕನ್ನುಗಳನ್ನು ಅಡವು ಇಟ್ಟು ಕೆಲಸಕ್ಕೆ ಸೇರಬೇಕು. ಸರಿಯಾಗಿ ಮಾಡಿದರೆ ಪ್ರತಿಫಲ, ಕೈಕೊಟ್ಟರೆ ದಂಡ. ಕುರಿ ಹಿಡಿದವರಿಂದ ಜಾಮೀನು ತೆಗೆದುಕೊಳ್ಳುವ ಹಾಗೆ.

ಆದರೆ ರ‍್ಯಾಂಡ್‌ಕಾಸ್ಟಿನಿಂದ ಅಂಕಿ ಕೇಳುವ ಆಟದವರು ಶುಲ್ಕ ಕೊಡುವುದು ಈಥರಿನಲ್ಲಿ. ಅಂದರೆ ಸೇವೆಗೆ ಗಿರಾಕಿ ಹೆಚ್ಚಾದ ಕೂಡಲೇ ಅರ್ಪಾ ಟೋಕನ್ನಿಗೂ ಗಿರಾಕಿ ಹೆಚ್ಚುತ್ತದೆ ಎಂದು ಲೆಕ್ಕ ಹಾಕುವ ಹಾಗಿಲ್ಲ. ನಡುವೆ ಠೇವಣಿ ಎಂಬ ಒಂದು ಮೆಟ್ಟಿಲು ಇದೆ. ಗಣಿತ ಚಂದ ಇದೆ ಎಂಬುದು ಟೋಕನ್ನಿನ ಬೆಲೆ ಏರಲು ಕಾರಣ ಆಗುವುದಿಲ್ಲ. ಇಷ್ಟು ಪುಟ ಬರೆದದ್ದು ಈ ಎರಡನ್ನು ಬೇರೆ ಬೇರೆ ಮಾಡಿ ತೋರಿಸಲಿಕ್ಕೇ.

ತೆಗೆದುಕೊಳ್ಳಲಾ ಬೇಡವಾ, ಅದು ಹೇಳಿ ಸಾಕು.

ನಾನು ಹೇಳುವುದಿಲ್ಲ, ಹೇಳುವ ಹಕ್ಕೂ ನನಗಿಲ್ಲ. 2021ರಲ್ಲಿ ಇದರ ಬೆಲೆ ಬಹಳ ಮೇಲೆ ಹೋಗಿತ್ತು, ಆಮೇಲೆ ಬಹಳ ಕೆಳಗೆ ಬಂತು. ಇಡೀ ಕ್ರಿಪ್ಟೊ ಪೇಟೆ ಏರಿದಾಗ ಏರಿತು, ಬಿದ್ದಾಗ ಬಿದ್ದಿತು. ಕೊಳೆರೋಗಕ್ಕೆ ಮದ್ದು ಬಿಡಲು ಇಟ್ಟ ದುಡ್ಡು, ಮಕ್ಕಳ ಫೀಸು, ಸಾಲ ಮಾಡಿ ತಂದ ದುಡ್ಡು, ಇವುಗಳನ್ನು ಮುಟ್ಟಬೇಡಿ. ಇಷ್ಟು ಮಾತ್ರ ಕೈ ಮುಗಿದು ಕೇಳುತ್ತೇನೆ.

ನಮ್ಮ ದೇಶದಲ್ಲಿ ಇದು ಕಾನೂನಿಗೆ ವಿರುದ್ಧವಾ?

ಇಟ್ಟುಕೊಳ್ಳುವುದು, ಮಾರುವುದು ಅಪರಾಧ ಅಲ್ಲ. ಚಲಾವಣೆಯ ನಾಣ್ಯವೂ ಅಲ್ಲ. ಬ್ಯಾಂಕುಗಳು ಇಂಥ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದು ಮಾಡಿತು. 2023ರ ಮಾರ್ಚಿನಿಂದ, ಟೋಕನ್ ಕೊಂಡು ಮಾರುವ ಜಾಗಗಳಾದ ಎಕ್ಸ್‌ಚೇಂಜುಗಳು ಹಣ ಅಕ್ರಮ ವರ್ಗಾವಣೆ ತಡೆ ಕಾನೂನಿನ ಕೆಳಗೆ ಬಂದಿವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ಅವು ನೋಂದಣಿ ಆಗಬೇಕು. ನೋಂದಣಿ ಇಲ್ಲದ ಜಾಗಕ್ಕೆ ದುಡ್ಡು ಹಾಕಬೇಡಿ.

ತೆರಿಗೆ? ನಮ್ಮದು ಕೃಷಿ ಆದಾಯ ಅಲ್ವಾ, ಆದಾಯ ತೆರಿಗೆ ಇಲ್ಲವಲ್ಲ?

ಅಡಿಕೆಯ ಆದಾಯ ಕೃಷಿ ಆದಾಯ. ಅಡಿಕೆ ಮಾರಿದ ದುಡ್ಡಿನಿಂದ ಕೊಂಡ ಟೋಕನ್ನಿನ ಲಾಭ ಕೃಷಿ ಆದಾಯ ಅಲ್ಲ. ಇಲ್ಲಿ ನಮ್ಮವರು ತುಂಬ ಮಂದಿ ಎಡವುತ್ತಾರೆ.

2022ರ ಬಜೆಟ್ಟಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಆ ತೆರಿಗೆಯ ಮೇಲೆ ಶೇಕಡಾ 4 ಸೆಸ್. 50,000 ರೂಪಾಯಿಗೆ ಕೊಂಡು 80,000ಕ್ಕೆ ಮಾರಿದಿರಿ ಎನ್ನಿ. ಲಾಭ 30,000. ತೆರಿಗೆ 9,000, ಸೆಸ್ 360, ಒಟ್ಟು 9,360 ರೂಪಾಯಿ. ಅದೇ ವರ್ಷ ಇನ್ನೊಂದು ಟೋಕನ್ನಿನಲ್ಲಿ 30,000 ಕಳೆದುಕೊಂಡಿದ್ದರೂ ಈ 9,360 ಕಟ್ಟಲೇಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬಿಡುವುದಿಲ್ಲ. ಕೊಂಡ ಬೆಲೆ ಬಿಟ್ಟರೆ ಬೇರೆ ಖರ್ಚು ತೋರಿಸುವಂತಿಲ್ಲ. 2022ರ ಜುಲೈ 1ರಿಂದ ಮಾರುವಾಗ ಶೇಕಡಾ 1 ಟಿಡಿಎಸ್ ಕೂಡ ಹಿಡಿಯುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು 800 ರೂಪಾಯಿ. ರಿಟರ್ನ್ ಸಲ್ಲಿಸಿದರೆ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು. ಇಷ್ಟರ ತನಕ ರಿಟರ್ನ್ ಹಾಕಿದ ಅಭ್ಯಾಸವೇ ಇಲ್ಲದವರು ಲೆಕ್ಕಪರಿಶೋಧಕರ ಹತ್ತಿರ ಹೋಗಿ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವಾಗ ಏನು ನೋಡಬೇಕು?

ನನ್ನದೇ ಅನುಭವ ಹೇಳುತ್ತೇನೆ. 2021ರಲ್ಲಿ ಒಂದು ಸಂಜೆ, ಅಂಗಳದ ಅಡಿಕೆ ಒಳಗೆ ಹಾಕಿ ಬಂದು, ಒಂದು ವಾಲೆಟ್ಟಿನಿಂದ (ಟೋಕನ್ ಇಟ್ಟುಕೊಳ್ಳುವ ಆ್ಯಪ್) ಒಂದು ಎಕ್ಸ್‌ಚೇಂಜಿಗೆ ಸುಮಾರು ಆರು ಸಾವಿರ ರೂಪಾಯಿಯ ಟೋಕನ್ ಕಳಿಸಿದೆ. ವಿಳಾಸ ಸರಿ ಇತ್ತು. ಅಕ್ಷರ ಅಕ್ಷರ ನೋಡಿದ್ದೆ. ಸರಪಳಿ, ಅಂದರೆ ಬ್ಲಾಕ್‌ಚೈನು, ಬೇರೆ ಇತ್ತು. ಒಂದೇ ಹೆಸರಿನ ಟೋಕನ್ ಎರಡು ಮೂರು ಸರಪಳಿಗಳ ಮೇಲೆ ಇರುತ್ತದೆ, ವಿಳಾಸವೂ ನೋಡಲು ಒಂದೇ ಥರ. ಆ ಎಕ್ಸ್‌ಚೇಂಜು ನಾನು ಆರಿಸಿದ ಸರಪಳಿಯನ್ನು ಒಪ್ಪುತ್ತಿರಲಿಲ್ಲ. ಮೂರು ವಾರ ಇಮೇಲ್ ಬರೆದೆ, ಆಗುವುದಿಲ್ಲ ಎಂದು ಉತ್ತರ ಬಂತು. ಬ್ಲಾಕ್‌ಚೈನಿನಲ್ಲಿ ಆ ದುಡ್ಡು ಈಗಲೂ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿದ್ದು ನೋಡಿ, ಆಮೇಲೆ ಉಳಿದದ್ದು ಕಳಿಸಿ.

ವಾಟ್ಸಾಪ್ ಗುಂಪಿನಲ್ಲಿ "ಅರ್ಪಾ ಸ್ಟೇಕಿಂಗ್, ದಿನಕ್ಕೆ ಶೇಕಡಾ 2" ಅಂತ ಬಂದಿದೆ.

ಮೋಸ. ಸ್ಟೇಕಿಂಗ್ ಅಂದರೆ ಮೇಲೆ ಹೇಳಿದ ಹಾಗೆ ಟೋಕನ್ ಅಡವು ಇಡುವುದು. ಆದರೆ ದಿನಕ್ಕೆ ಶೇಕಡಾ 2 ಬಡ್ಡಿಗೆ ಬಡ್ಡಿ ಸೇರಿದರೆ ಒಂದು ಲಕ್ಷ ಒಂದು ವರ್ಷದಲ್ಲಿ ಹದಿಮೂರು ಕೋಟಿ ದಾಟುತ್ತದೆ. ಅಷ್ಟು ಕೊಡುವ ವ್ಯವಹಾರ ಭೂಮಿ ಮೇಲೆ ಇಲ್ಲ. ಗುಂಪಿನಲ್ಲಿ ಪರಿಚಯದವರ ಹೆಸರು ಇದ್ದರೂ ನಂಬಬೇಡಿ, ಅವರೂ ಮೋಸ ಹೋದವರೇ ಇರಬಹುದು. ವಾಲೆಟ್ಟಿನ 12 ಅಥವಾ 24 ಪದಗಳ ಗುಟ್ಟನ್ನು ಯಾರು ಕೇಳಿದರೂ ಕೊಡಬೇಡಿ. ಈಗಾಗಲೇ ದುಡ್ಡು ಹಾಕಿದ್ದರೆ ನಾಚಿಕೆಪಟ್ಟು ಕೂರಬೇಡಿ. ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಬ್ಯಾಂಕಿನಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ನಾನು ಪ್ಲಸ್ ಟು ಓದುತ್ತಿದ್ದೇನೆ. ದುಡ್ಡು ಹಾಕುವುದು ಬೇಡ, ಇದನ್ನು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗ್ರಾಫ್ ಹಾಳೆಯಿಂದ ಶುರು ಮಾಡು.

ನಿನ್ನ ಗುಟ್ಟಿನ ಅಂಕಿ 7 ಎಂದಿಟ್ಟುಕೋ. ಲಂಬ ಗೆರೆಯ ಮೇಲೆ 7ರಲ್ಲಿ ಒಂದು ಚುಕ್ಕಿ ಇಡು. ಅಲ್ಲಿಂದ ಒಂದು ಹೆಜ್ಜೆ ಬಲಕ್ಕೆ ಹೋದಾಗ ಮೂರು ಹೆಜ್ಜೆ ಮೇಲಕ್ಕೆ ಏರುವ ನೇರ ಗೆರೆ ಎಳೆ. 3 ಅನ್ನುವುದನ್ನೂ ಯಾರಿಗೂ ಹೇಳಬೇಡ. ಬಲಕ್ಕೆ 1ರಲ್ಲಿ ಗೆರೆ ಇರುವುದು 10ರಲ್ಲಿ. 2ರಲ್ಲಿ 13. 3ರಲ್ಲಿ 16. ಈಗ ಅಕ್ಕನಿಗೆ ಮೊದಲ ಚುಕ್ಕಿ ಕೊಡು, ತಮ್ಮನಿಗೆ ಎರಡನೆಯದು, ಅಜ್ಜನಿಗೆ ಮೂರನೆಯದು. ಒಬ್ಬರ ಹತ್ತಿರ ಒಂದೇ ಚುಕ್ಕಿ. ಒಂದು ಚುಕ್ಕಿಯ ಮೂಲಕ ಎಷ್ಟು ಗೆರೆ ಬೇಕಾದರೂ ಎಳೆಯಬಹುದು, ಆದ್ದರಿಂದ ಒಬ್ಬರಿಗೇ ಗುಟ್ಟು ಸಿಗದು. ಯಾವ ಇಬ್ಬರು ಸೇರಿದರೂ ಎರಡು ಚುಕ್ಕಿ, ಎರಡು ಚುಕ್ಕಿಯ ಮೂಲಕ ಹೋಗುವುದು ಒಂದೇ ಗೆರೆ. ಅದನ್ನು ಹಿಂದಕ್ಕೆ ಎಳೆದರೆ 7ಕ್ಕೆ ಬಂದು ಮುಟ್ಟುತ್ತದೆ. ಮೂರನೆಯವರು ಊರಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.

ಗೂಢಲಿಪಿ ತಜ್ಞ ಆಡಿ ಶಮಿರ್ 1979ರಲ್ಲಿ ಹೇಳಿಕೊಟ್ಟದ್ದು ಇದೇ. ಮೂವರಲ್ಲಿ ಯಾವ ಇಬ್ಬರಾದರೂ ಸಾಕು ಎಂಬುದನ್ನು ಹತ್ತರಲ್ಲಿ ಯಾವ ಆರು ಮಂದಿಯಾದರೂ ಸಾಕು ಎಂದು ಮಾಡಬೇಕಾದರೆ ನೇರ ಗೆರೆಯ ಬದಲು ಯಾವ ಗೆರೆ ಬೇಕು? ನಿನ್ನ ಗಣಿತ ಪುಸ್ತಕದ ಬಹುಪದಗಳ ಪಾಠ ತೆಗೆದು ಒಮ್ಮೆ ನೋಡು. ಗೆರೆ ಹೊಳೆದರೆ ಹಾಳೆ ಹಿಡಿದುಕೊಂಡು ಒಂದು ಭಾನುವಾರ ಮನೆಗೆ ಬಾ, ಅಂಗಳದಲ್ಲೇ ಕೂತು ಮುಂದಿನದ್ದು ಬಿಡಿಸೋಣ.